ಎಚ್.ಆರ್. ಕುರ್ಚಿಯ ಬದ್ಧತೆ ಯಾರಿಗೆ?

ಕೆಲಸಕ್ಕೆಂದು ಸಂದರ್ಶನಕ್ಕೆ ಹೋದ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ: 'ಇನ್ನು ಐದು ವರ್ಷಗಳ ನಂತರ ನೀವು ಎಲ್ಲಿರುತ್ತೀರಿ?' ಕೇಳುವವರು ಎಚ್.ಆರ್. ವಿಭಾಗದವರು. ಉತ್ತರ ಏನಿರಬೇಕೆಂದು ಅಭ್ಯರ್ಥಿಗೆ ಗೊತ್ತು. ಇದೇ ಕಂಪೆನಿಯಲ್ಲಿ ಇನ್ನೂ ದೊಡ್ಡ ಹೊಣೆ ಹೊತ್ತಿರುತ್ತೇನೆ ಎಂದು ಆತ ಹೇಳುತ್ತಾನೆ. ಕೇಳಿದವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿರುತ್ತದೆ. ಕೇಳಿದವರೇ ಆ ಕಂಪೆನಿಗೆ ಬಂದು ವರ್ಷ ಒಂದೂವರೆಯಾಗಿರಬಹುದು, ಅವರದೇ ಅರ್ಜಿ ಬೇರೆಲ್ಲೋ ಮೇಜಿನ ಮೇಲಿರಬಹುದು. ಒಂದು ಉದ್ಯೋಗ ಸಂಬಂಧ ಹೀಗೆ ಇಬ್ಬರೂ ಒಪ್ಪಿಕೊಂಡ ಒಂದು ಸಣ್ಣ ಸುಳ್ಳಿನಿಂದ ಶುರುವಾಗುತ್ತದೆ. ಇದನ್ನು ನಾವು ಕಪಟವೆನ್ನಲಾರೆವು, ಅಷ್ಟು ರೂಢಿಯಾಗಿ ಹೋಗಿದೆ. ಆದರೆ ರೂಢಿಯಾದದ್ದು ಯೋಚಿಸಬಾರದ್ದು ಎಂದೇನೂ ಇಲ್ಲವಲ್ಲ.

ಇಂದಿನ ಉದ್ಯೋಗ ಜಗತ್ತಿನಲ್ಲಿ ಎರಡು ಪದಗಳು ಬಹಳ ಚಲಾವಣೆಯಲ್ಲಿವೆ. ಒಂದು ಉದ್ಯೋಗಾರ್ಹತೆ, ಇನ್ನೊಂದು ಬದ್ಧತೆ. ಮ್ಯಾನೇಜ್‌ಮೆಂಟ್ ಕಾಲೇಜುಗಳ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಶ್ನಾವಳಿ ಹಿಡಿದು ಕಾರ್ಖಾನೆಗಳಿಗೆ ಹೋಗಿ ಇವೆರಡನ್ನೂ ಅಳೆದು ಬರುತ್ತಾರೆ. ಇವನಿಗೆ ಸಂವಹನ ಕೌಶಲ ಎಷ್ಟಿದೆ, ಅವಳಿಗೆ ಕಂಪೆನಿಯ ಮೇಲೆ ಪ್ರೀತಿ ಎಷ್ಟಿದೆ ಎಂದು ಅಂಕ ಕೊಡಲಾಗುತ್ತದೆ. ಅಳೆಯುವವರು ಎಚ್.ಆರ್. ಮಂದಿ, ಅಳೆಸಿಕೊಳ್ಳುವವರು ಉಳಿದವರು. ಅದೇ ಅಳತೆಗೋಲನ್ನು ಎಚ್.ಆರ್. ಕುರ್ಚಿಯಲ್ಲಿ ಕುಳಿತವರ ಕಡೆಗೆ ತಿರುಗಿಸಿದರೆ ಏನಾಗುತ್ತದೆ? ಅವರಿಗಿರಬೇಕಾದ ಸಾಮರ್ಥ್ಯ ಯಾವುದು, ಅವರ ಬದ್ಧತೆ ಯಾರಿಗೆ? ಸಂಬಳ ಕೊಡುವ ಕಂಪೆನಿಗೋ, ತಮ್ಮ ಮುಂದೆ ಬಂದು ಕೂರುವ ಮನುಷ್ಯನಿಗೋ?

ಕೆನಡಾದ ಮನಶ್ಶಾಸ್ತ್ರಜ್ಞರಾದ ಜಾನ್ ಮೆಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ಬದ್ಧತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮಮತೆಯಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಉಳಿಯಬೇಕಾದದ್ದು ಧರ್ಮವೆಂದು ಉಳಿಯುವುದು. ಜಗತ್ತಿನ ಎಚ್.ಆರ್. ಪಠ್ಯಗಳಲ್ಲೆಲ್ಲ ಈ ವಿಂಗಡಣೆ ಇದೆ. ಒಳ್ಳೆಯ ವಿಂಗಡಣೆಯೇ. ಆದರೆ ಅದರಲ್ಲಿ ನೌಕರ ಮಾತ್ರ ಅಳತೆಗೆ ಸಿಗುತ್ತಾನೆ. ಸಂಸ್ಥೆ ಅವನಿಗೆ ಎಷ್ಟು ಬದ್ಧವಾಗಿದೆ ಎಂಬ ಲೆಕ್ಕ ಅದರೊಳಗಿಲ್ಲ. ಬದ್ಧ ಎಂದರೆ ಕಟ್ಟಲ್ಪಟ್ಟದ್ದು ಎಂದರ್ಥ. ಹಗ್ಗದ ಒಂದು ತುದಿ ನೌಕರನ ಕೈಗೆ ಬಿಗಿದಿದ್ದರೆ ಇನ್ನೊಂದು ತುದಿ ಎಲ್ಲಿದೆ ಎಂದು ಕೇಳಬೇಕಾಗುತ್ತದೆ.

ಈ ಕುರ್ಚಿ ನಮ್ಮ ದೇಶಕ್ಕೆ ಬಂದ ಬಗೆಯನ್ನು ನೋಡಿದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ. ಮುಂಬಯಿಯ ಗಿರಣಿಗಳಲ್ಲಿ ಕೂಲಿಯಾಳುಗಳನ್ನು ತರುತ್ತಿದ್ದವನು ಜಾಬರ್. ಕೆಲಸ ಕೊಡುವವನೂ ಅವನೇ, ಬಿಡಿಸುವವನೂ ಅವನೇ, ಎರಡಕ್ಕೂ ಲಂಚ ತಿನ್ನುವವನೂ ಅವನೇ. 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗ 1931ರ ತನ್ನ ವರದಿಯಲ್ಲಿ, ನೇಮಕಾತಿಯನ್ನು ಇವನ ಕೈಯಿಂದ ಬಿಡಿಸಲು ಲೇಬರ್ ಆಫೀಸರ್‌ಗಳನ್ನು ನೇಮಿಸಬೇಕೆಂದು ಸೂಚಿಸಿತು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಅದರಡಿ ಹಲವು ರಾಜ್ಯಗಳು ಮಾಡಿದ ನಿಯಮಗಳಲ್ಲಿ ಒಂದು ಗಮನಾರ್ಹ ಮಾತಿತ್ತು. ಕಾರ್ಮಿಕನ ವಿರುದ್ಧದ ಶಿಸ್ತುಕ್ರಮದಲ್ಲಿ ಕಲ್ಯಾಣಾಧಿಕಾರಿ ಕೈಹಾಕಬಾರದು, ಆಡಳಿತದ ಪರವಾಗಿ ನ್ಯಾಯಮಂಡಳಿಯ ಮುಂದೆ ನಿಲ್ಲಬಾರದು. ಸಂಬಳ ಮಾಲಿಕನದು, ಆದರೆ ಕಾರ್ಮಿಕನ ಮೇಲೆ ಬಳಸುವ ಕೋಲಾಗಬೇಡ ಎಂದು ನಿಯಮವೇ ಹೇಳಿತ್ತು. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಹುಟ್ಟಿದ್ದೂ ಸಮಾಜಕಾರ್ಯದ ಶಾಲೆಯಾಗಿ. ಇಂದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಎಚ್.ಆರ್. ಆಗಿರುವ ಎಷ್ಟೋ ಮಂದಿ ಕರಾವಳಿಯವರು ಕಲಿತದ್ದು ಎಂ.ಎಸ್.ಡಬ್ಲ್ಯು.

ಕಲ್ಯಾಣಾಧಿಕಾರಿ ಮುಂದೆ ಸಿಬ್ಬಂದಿ ವ್ಯವಸ್ಥಾಪಕನಾದ, ಬಳಿಕ ಮಾನವ ಸಂಪನ್ಮೂಲದ ಮುಖ್ಯಸ್ಥನಾದ. ಹೆಸರು ಬದಲಾದದ್ದು ಅಲಂಕಾರಕ್ಕಲ್ಲ. ಕಲ್ಯಾಣ ಎಂದಾಗ ಮನುಷ್ಯ ಗುರಿಯಾಗಿದ್ದ. ಸಂಪನ್ಮೂಲ ಎಂದಾಗ ಅವನು ಅದಿರು, ನೀರು, ವಿದ್ಯುತ್ತಿನ ಸಾಲಿನಲ್ಲಿ ಬಂದು ನಿಂತ. ಹೊಸ ಹೆಸರು ತಂದವರ ಉದ್ದೇಶ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕಾರ್ಮಿಕನನ್ನು ಖರ್ಚು ಎಂದು ನೋಡಬೇಡಿ, ಬೆಳೆಸಬೇಕಾದ ಸಂಪತ್ತು ಎಂದು ನೋಡಿ ಎಂಬುದೇ ಅವರ ವಾದವಾಗಿತ್ತು. ಆದರೆ ಸಂಪತ್ತನ್ನು ಬೆಳೆಸುವವರು ಅದನ್ನು ಮಾರುತ್ತಾರೆ ಕೂಡ.

ಇನ್ನು ಕೋಲಾರ ಜಿಲ್ಲೆಯ ನರಸಾಪುರಕ್ಕೆ ಬರೋಣ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪೆನಿ ಐಫೋನ್ ಜೋಡಿಸುವ ಘಟಕ ತೆರೆದಿತ್ತು. 2020ರ ಡಿಸೆಂಬರ್ 12ರಂದು ಬೆಳಗ್ಗೆ ರಾತ್ರಿ ಪಾಳಿ ಮುಗಿಸಿ ಹೊರಟ ಕಾರ್ಮಿಕರು ಗಾಜು ಒಡೆದರು, ವಾಹನ ಮಗುಚಿದರು, ಬೆಂಕಿ ಹಚ್ಚಿದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಮೊದಲೆರಡು ದಿನ ಸುದ್ದಿಯಾದದ್ದು ದಾಂಧಲೆ, ಅದರ ಹಿಂದಿರುವ ಪಿತೂರಿ ಮತ್ತು ಕರ್ನಾಟಕದ ಹೆಸರಿಗೆ ಬಂದ ಕಳಂಕ ಮಾತ್ರ. ಸಂಬಳದ ವಿಷಯ ನಂತರ ಬಂತು. ಎಂಜಿನಿಯರಿಂಗ್ ಪದವೀಧರರಿಗೆ ಹೇಳಿದ್ದು ತಿಂಗಳಿಗೆ 21,000, ಕೈಗೆ ಬಂದದ್ದು 16,000, ಮತ್ತೆ ಅದೂ 12,000ಕ್ಕೆ ಇಳಿಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಬಹುಪಾಲು ಕಾರ್ಮಿಕರು ನೇರ ನೌಕರರಲ್ಲ, ಆರು ಗುತ್ತಿಗೆದಾರರ ಮೂಲಕ ಬಂದವರು.

ಸರಕಾರದ ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿಯಲ್ಲಿದ್ದ ಒಂದು ಅಂಶವನ್ನು ನಾವು ಇಂದಿಗೂ ಮರೆತಿಲ್ಲ. ಕಾರ್ಮಿಕರ ಸಂಖ್ಯೆ ಕೆಲವೇ ಸಮಯದಲ್ಲಿ 5,000ದಿಂದ 10,500ಕ್ಕೆ ಏರಿತು, ಆದರೆ ಕಾರ್ಮಿಕ ಕಾನೂನು ಬಲ್ಲ ಸಾಕಷ್ಟು ಮಂದಿ ಎಚ್.ಆರ್. ವಿಭಾಗದಲ್ಲಿರಲಿಲ್ಲ ಎಂಬುದೇ ಆ ಅಂಶ. ಪಾಳಿಯನ್ನು ಎಂಟು ಗಂಟೆಯಿಂದ ಹನ್ನೆರಡಕ್ಕೆ ಬದಲಿಸಲಾಗಿತ್ತು, ಹಾಜರಾತಿ ದಾಖಲೆಯಲ್ಲಿ ದೋಷಗಳಿದ್ದವು, ದುಡಿದ ದಿನಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಡಿಸೆಂಬರ್ 19ರಂದು ಕಂಪೆನಿ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ವೇತನ ಪಾವತಿಯಾಗಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಆ ಘಟಕಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಘಟಕ ಟಾಟಾ ಸಮೂಹದ ಕೈಸೇರಿತು.

ಕಲ್ಲು ಎಸೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದಕ್ಕೂ ಮೊದಲಿನ ಎರಡು ತಿಂಗಳನ್ನು ಸ್ವಲ್ಪ ಊಹಿಸಿ ನೋಡಿ. ಸಂಬಳದ ಚೀಟಿ ಹಿಡಿದು, 'ಸರ್, ನನ್ನ ಒಂಬತ್ತು ದಿನ ಬಂದಿಲ್ಲ' ಎಂದು ಒಬ್ಬ ಹುಡುಗ ಒಂದು ಮೇಜಿನ ಮುಂದೆ ನಿಂತಿರಲೇಬೇಕು. ಮೇಜಿನ ಆಚೆ ಒಬ್ಬರು ಕುಳಿತಿರಲೇಬೇಕು. 'ನಿಮ್ಮ ಕಾಂಟ್ರಾಕ್ಟರ್‌ನ ಕೇಳಿ' ಎಂದು ಅವರು ಹೇಳಿರಬಹುದು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲಿಕನೇ ವೇತನ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳುತ್ತಿತ್ತು. ಅದು ಆ ಮೇಜಿನವರಿಗೆ ಗೊತ್ತಿತ್ತೇ? ಗೊತ್ತಿರದಿದ್ದರೆ ಅವರ ಇಂಗ್ಲಿಷ್, ಅವರ ಪವರ್‌ಪಾಯಿಂಟ್, ಅವರ ನಗುಮುಖ ಇವೆಲ್ಲ ಯಾವ ಉದ್ಯೋಗಾರ್ಹತೆ? ಗೊತ್ತಿದ್ದೂ ಮೇಲಿನವರಿಗೆ ಹೇಳಲಿಲ್ಲವಾದರೆ ಅದು ಯಾವ ಬದ್ಧತೆ? ಕಂಪೆನಿಯ ಮೇಲಿನ ಪ್ರೀತಿ ಎಂದೂ ಅದನ್ನು ಕರೆಯಲಾಗದು. ಕಂಪೆನಿಯೇ ಕೊನೆಗೆ ಅಂದಾಜಿಸಿದಂತೆ ನಷ್ಟ 26ರಿಂದ 52 ಕೋಟಿ ರೂಪಾಯಿ. ಮೊದಲು ದೂರಿನಲ್ಲಿ ಹೇಳಿದ್ದ 437 ಕೋಟಿಗೆ ಹೋಲಿಸಿದರೆ ಕಡಿಮೆಯೇ, ಆದರೂ ಬಿಟ್ಟುಹೋದ ದಿನಗಳ ಕೂಲಿಯ ಮುಂದೆ ಅದು ದೊಡ್ಡ ಮೊತ್ತ.

ಇದು ಸಾಮರ್ಥ್ಯದ ಕೊರತೆಯ ಕತೆ. ಸಾಮರ್ಥ್ಯ ಬೇಕಾದಷ್ಟಿದ್ದೂ ಕೆಟ್ಟುಹೋಗುವ ಇನ್ನೊಂದು ಬಗೆಯಿದೆ. ನಮಗೆ ಪರಿಚಯದ ಒಬ್ಬ ಯುವಕ ಬೆಂಗಳೂರು ಹೊರವಲಯದ ಒಂದು ಕಾರ್ಖಾನೆಯಲ್ಲಿ ಎಚ್.ಆರ್. ಆಗಿದ್ದ. 2020ರ ಲಾಕ್‌ಡೌನ್ ಸಮಯದಲ್ಲಿ ಅವನಿಗೆ ನಲವತ್ತು ಹೆಸರುಗಳ ಒಂದು ಪಟ್ಟಿ ಬಂತು. ಒಬ್ಬೊಬ್ಬರಿಗೂ ಫೋನು ಮಾಡಿ ರಾಜೀನಾಮೆ ಬರೆಸಿಕೊಳ್ಳಬೇಕು. ಕೆಲಸದಿಂದ ತೆಗೆದರೆ ಕಾನೂನಿನಂತೆ ತಿಂಗಳ ನೋಟಿಸು ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ ಪರಿಹಾರವಾಗಿ ಕೊಡಬೇಕು. ಅವರಾಗಿಯೇ ಬಿಟ್ಟರೆ ಇದ್ಯಾವುದೂ ಇಲ್ಲ. ಆತ ಕಾನೂನು ಚೆನ್ನಾಗಿ ಓದಿಕೊಂಡವ, ಆದ್ದರಿಂದಲೇ ಪಟ್ಟಿ ಅವನಿಗೆ ಬಂದದ್ದು. 'ನೀವೇ ಬರೆದುಕೊಟ್ಟರೆ ಅನುಭವ ಪತ್ರ ಚೆನ್ನಾಗಿ ಕೊಡುತ್ತೇವೆ ಅಣ್ಣಾ' ಎಂದು ಹೇಳುತ್ತಾ ಹೋದ. ಮೂವತ್ತೇಳು ಮಂದಿ ಬರೆದುಕೊಟ್ಟರು. ಕಾಗದದಲ್ಲಿ 'ಸ್ವಂತ ಕಾರಣಗಳಿಗಾಗಿ' ಎಂದಿತ್ತು. ಆ ವರ್ಷ ಅವನಿಗೆ ಬಡ್ತಿಯೂ ಆಯಿತು. 'ನಾನು ಯಾರಿಗೂ ಸುಳ್ಳು ಹೇಳಲಿಲ್ಲ, ಆದರೆ ಒಂದು ನಿಜವನ್ನು ಮಾತ್ರ ಹೇಳಲಿಲ್ಲ' ಎಂದು ಆತ ನಮ್ಮೊಂದಿಗೆ ಹೇಳಿದ. ಆ ಪಟ್ಟಿಯಲ್ಲಿದ್ದ ಒಬ್ಬರು ಅವನದೇ ಮಸೀದಿಗೆ ಬರುವವರಂತೆ. ಸಲಾಮಿಗೆ ಇಂದಿಗೂ ಉತ್ತರ ಕೊಡುತ್ತಾರೆ, ಅದಷ್ಟೇ ಸಾಕು ನನಗೆ ಮುಖ ತಗ್ಗಿಸಲು ಎಂದ.

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಒಂದು ನೇಮಕಾತಿಯ ಪ್ರಸಂಗವಿದೆ. ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್‌ಯನ್‌ಗೆ ಬಂದ ಮೂಸಾ(ಅ), ಬಾವಿಯ ಬಳಿ ಕುರಿಗಳೊಂದಿಗೆ ಹಿಂಜರಿದು ನಿಂತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ನೀರು ಸೇದಿ ಕೊಡುತ್ತಾರೆ. ಅವರಲ್ಲೊಬ್ಬಳು ಮನೆಗೆ ಹೋಗಿ, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ತಂದೆಗೆ ಹೇಳುತ್ತಾಳೆ. ಅವಳು ಕೊಡುವ ಕಾರಣಗಳು ಎರಡು: ಇವರು ಬಲಶಾಲಿ, ಇವರು ನಂಬಿಕಸ್ತ. ಕವಿಯ್ಯ್ ಮತ್ತು ಅಮೀನ್. ಉದ್ಯೋಗಾರ್ಹತೆ ಮತ್ತು ಬದ್ಧತೆ ಎಂದು ಇಂದು ಹೇಳುವುದು ಹೆಚ್ಚು ಕಡಿಮೆ ಇದನ್ನೇ. ನಮ್ಮ ತರಬೇತಿ ಶಿಬಿರಗಳಲ್ಲಿ, ವೃತ್ತಿ ಮಾರ್ಗದರ್ಶನದ ಭಾಷಣಗಳಲ್ಲಿ ಈ ಸೂಕ್ತವನ್ನು ಧಾರಾಳವಾಗಿ ಉದ್ಧರಿಸುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಸೂಕ್ತದಲ್ಲಿ ಮಾತನಾಡುವುದು ಕೆಲಸ ಕೊಡುವ ವೃದ್ಧ. ಕರಾರು ಎಂಟು ವರ್ಷದ್ದೆಂದು ಆತ ಸ್ಪಷ್ಟವಾಗಿ ಹೇಳುತ್ತಾನೆ, ಹತ್ತು ಪೂರೈಸಿದರೆ ಅದು ನಿನ್ನಿಷ್ಟ ಎನ್ನುತ್ತಾನೆ, ನಿನ್ನ ಮೇಲೆ ಕಷ್ಟ ಹೇರುವ ಇಚ್ಛೆ ನನಗಿಲ್ಲ ಎಂದು ಮಾತು ಕೊಡುತ್ತಾನೆ. ನೌಕರನ ಅರ್ಹತೆಗೆ ಒಂದು ಸೂಕ್ತವಾದರೆ ಮಾಲಿಕನ ಬದ್ಧತೆಗೆ ಇನ್ನೊಂದು. ಮೂಸಾ(ಅ) ಪೂರೈಸಿದ್ದು ಎಂಟನ್ನೋ ಹತ್ತನ್ನೋ ಎಂದು ಕೇಳಿದಾಗ ಇಬ್ನು ಅಬ್ಬಾಸ್(ರ) ದೀರ್ಘವಾದುದನ್ನೇ ಎಂದರೆಂದು ಬುಖಾರಿಯಲ್ಲಿದೆ. ಆ ಎರಡು ವರ್ಷ ಯಾವ ಪ್ರಶ್ನಾವಳಿಯಿಂದಲೂ ಹುಟ್ಟಿದ್ದಲ್ಲ.

ಇಮಾಮ್ ಇಬ್ನು ತೈಮಿಯ್ಯ ಹೊಣೆಗಾರಿಕೆಯ ಹುದ್ದೆಗಳ ಬಗ್ಗೆ ಬರೆಯುವಾಗ ಈ ಎರಡು ಗುಣಗಳನ್ನೇ ಆಧಾರವಾಗಿಟ್ಟುಕೊಂಡರು. ಅವೆರಡೂ ಒಬ್ಬನಲ್ಲಿ ಕೂಡಿ ಬರುವುದು ಅಪರೂಪವೆಂದು ಅವರಿಗೆ ಗೊತ್ತಿತ್ತು. ಸೇನೆಗೆ ಬಲ ಮುಖ್ಯ, ಖಜಾನೆಗೆ ಅಮಾನತ್ ಮುಖ್ಯ ಎಂದು ಹುದ್ದೆಗನುಸಾರ ಆರಿಸಬೇಕೆಂದರು. ಎಚ್.ಆರ್. ಕುರ್ಚಿ ಎರಡೂ ಬೇಕಾದ ಜಾಗ ಎಂದು ನಮಗನಿಸುತ್ತದೆ. ನರಸಾಪುರದಲ್ಲಿ ಮೊದಲನೆಯದು ಸಾಲಲಿಲ್ಲ. ನಮ್ಮ ಪರಿಚಯದ ಯುವಕನಲ್ಲಿ ಮೊದಲನೆಯದು ಎರಡನೆಯದನ್ನು ನುಂಗಿತು. ಕೂಲಿಗಾರನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತಿಮ ದಿನ ಸ್ವತಃ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂಬ ಹದೀಸ್ ನಮಗೆಲ್ಲ ಗೊತ್ತು. ಅದನ್ನು ಓದುವಾಗ ಮಾಲಿಕನ ಮುಖ ಮಾತ್ರ ಕಣ್ಣ ಮುಂದೆ ಬರುತ್ತದೆ. ಕೂಲಿ ಕೊಡದಿರುವ ದಾರಿ ಹುಡುಕಿಕೊಟ್ಟವರ, ಕಡತಕ್ಕೆ ಸಹಿ ಹಾಕಿದವರ ಮುಖ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಎಚ್.ಆರ್. ಅಧಿಕಾರಿ ತಾನೂ ಒಬ್ಬ ನೌಕರ. ಅವನಿಗೂ ಮನೆಸಾಲವಿದೆ, ತಂಗಿಯ ಮದುವೆಯಿದೆ, ಪಟ್ಟಿ ಒಪ್ಪದಿದ್ದರೆ ನಲವತ್ತೊಂದನೆಯ ಹೆಸರು ಅವನದೇ. ಮಾಲಿಕನ ತಪ್ಪನ್ನು ಅವನ ತಲೆಗೆ ಕಟ್ಟುವುದು ಸರಿಯೇ? ಪೂರ್ತಿ ಕಟ್ಟುವುದು ಸರಿಯಲ್ಲ. ರಾಜೀನಾಮೆ ಬಿಸಾಕಿ ಬಾ ಎಂದು ದೂರದಲ್ಲಿ ಕುಳಿತು ಉಪದೇಶಿಸುವುದೂ ಸುಲಭ. ಆದರೆ ಶರಣಾಗತಿ ಮತ್ತು ಬಂಡಾಯದ ನಡುವೆ ಬಹಳ ಜಾಗವಿದೆ. ಹಾಜರಾತಿ ತಪ್ಪಾಗಿದೆ ಎಂದು ಮೇಲಿನವರಿಗೆ ಬಾಯಲ್ಲಿ ಹೇಳುವ ಬದಲು ಬರೆದು ಕಳಿಸುವುದು ಆ ಜಾಗದಲ್ಲಿದೆ. 'ಪರಿಹಾರ ಕೇಳುವ ಹಕ್ಕು ನಿಮಗಿದೆ, ಯೋಚಿಸಿ ಸಹಿ ಹಾಕಿ' ಎಂಬ ಒಂದು ವಾಕ್ಯ ಅಲ್ಲಿದೆ. ದೂರು ತಂದವನ ಹೆಸರನ್ನು ಮೇಲ್ವಿಚಾರಕನಿಗೆ ಬಿಟ್ಟುಕೊಡದಿರುವುದೂ ಅಲ್ಲಿದೆ. ಇವಕ್ಕೂ ಬೆಲೆ ತೆರಬೇಕಾಗಬಹುದು. ಉದ್ಯೋಗಾರ್ಹತೆಯ ನಿಜವಾದ ಉಪಯೋಗ ಇಲ್ಲೇ ಬರುವುದು. ಕೆಲಸ ಬಲ್ಲವನಿಗೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ ಎಂಬ ಧೈರ್ಯ ಅವನ ನಾಲಗೆಗೆ ಬಲ ಕೊಡಬೇಕು. ದುರದೃಷ್ಟವಶಾತ್ ನಾವು ಆ ಧೈರ್ಯವನ್ನು ಹೆಚ್ಚು ಸಂಬಳಕ್ಕೆ ಹಾರಲು ಮಾತ್ರ ಬಳಸಲು ಕಲಿಸಿದ್ದೇವೆ.

ನೇಮಕದ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿ ನೋಡಲಾಯಿತು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಮ್ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ. ಅರ್ಜಿಗಳನ್ನು ಬದಿಗೆ ಸರಿಸಿದ ಕೈಗಳು ಯಾವ ವಿಭಾಗದವು? ಕಂಪೆನಿಯ ಮಾಲಿಕ ಅರ್ಜಿಗಳನ್ನು ಓದುತ್ತಾ ಕೂರುವುದಿಲ್ಲ. ಅಲ್ಲಿ ಯಾರೂ ಆದೇಶ ಕೊಟ್ಟಿರಲಾರರು, ಮನಸ್ಸೇ ಆದೇಶ ಕೊಟ್ಟಿರುತ್ತದೆ.

ಹಾಗೆಂದು ನಮ್ಮವರ ಅಂಗಡಿ, ಶೋರೂಮು, ಶಾಲೆ, ಆಸ್ಪತ್ರೆಗಳಲ್ಲಿ ಎಲ್ಲವೂ ಸರಿಯಿದೆಯೇ? ಎಷ್ಟು ಕಡೆ ನೇಮಕಾತಿ ಪತ್ರ ಕೊಡುತ್ತಾರೆ? ಪಿ.ಎಫ್., ಇ.ಎಸ್.ಐ. ಎಂದರೆ ಮುಖ ಗಂಟಿಕ್ಕುವ, ರಮಝಾನಿನಲ್ಲಿ ಮಾತ್ರ ಝಕಾತ್ ಹಂಚುತ್ತಾ ಕೈ ಎತ್ತುವ ಮಾಲಿಕರು ನಮ್ಮ ನಡುವೆ ಕಡಿಮೆಯೇ? ನೌಕರನ ಹಕ್ಕನ್ನು ಹಿಡಿದಿಟ್ಟುಕೊಂಡು ಅವನಿಗೇ ದಾನ ಕೊಡುವುದು ವಿಚಿತ್ರ ಪುಣ್ಯ. ಕಾಯಕದ ಮಹಿಮೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ ದಾಸೋಹದ ಸುದ್ದಿ ಎತ್ತದ ಕಾರ್ಖಾನೆಗಳದ್ದೂ ಇದೇ ಜಾಣತನ.

ಕೊಲ್ಲಿಯ ಸಂಗತಿ ನಮ್ಮ ಕರಾವಳಿಯ ಪ್ರತಿ ಮನೆಗೂ ಗೊತ್ತು. ಅಲ್ಲಿನ ಕಂಪೆನಿಗಳಲ್ಲಿ ಪಿ.ಆರ್.ಓ., ಟೈಮ್‌ಕೀಪರ್, ಕ್ಯಾಂಪ್ ಬಾಸ್ ಆಗಿ ದುಡಿದವರು ಊರೂರಲ್ಲಿದ್ದಾರೆ. ಯು.ಎ.ಇ. 2009ರಲ್ಲಿ ವೇತನವನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂಬ ವ್ಯವಸ್ಥೆ ತಂದಿತು. ಕಾರ್ಮಿಕರ ಪಾಸ್‌ಪೋರ್ಟ್ ಕಂಪೆನಿ ಇಟ್ಟುಕೊಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ. ಆದರೂ ಪಾಸ್‌ಪೋರ್ಟ್‌ಗಳ ಕಟ್ಟು ಯಾರದೋ ಕಪಾಟಿನಲ್ಲಿ ಇರುತ್ತದೆ, ಬೀಗದ ಕೈ ಎಷ್ಟೋ ಬಾರಿ ನಮ್ಮೂರವನ ಬಳಿಯೇ ಇರುತ್ತದೆ. ತಾಯಿ ತೀರಿಕೊಂಡ ಸುದ್ದಿ ಬಂದವನು ಆ ಕಪಾಟಿನ ಮುಂದೆ ನಿಂತಾಗ ಬೀಗದ ಕೈ ಹಿಡಿದವನು ಏನು ಮಾಡುತ್ತಾನೆ ಎಂಬುದು ಅರಬನ ಮರ್ಜಿಯ ಪ್ರಶ್ನೆ ಮಾತ್ರವಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಟನೆಗಳ ತಕರಾರುಗಳು ಹಲವಿವೆ, ಅವನ್ನು ಬೇರೆಯಾಗಿಯೇ ಚರ್ಚಿಸಬೇಕು. ಒಂದು ಅಂಶ ಮಾತ್ರ ಇಲ್ಲಿಗೆ ಸಂಬಂಧಿಸಿದ್ದು. ಕಲ್ಯಾಣಾಧಿಕಾರಿ ಇರಬೇಕಾದ ಕಾರ್ಖಾನೆಯ ಮಿತಿ 500 ಕಾರ್ಮಿಕರಿಂದ 250ಕ್ಕೆ ಇಳಿದಿದೆ. ಅಂದರೆ ಈ ಕುರ್ಚಿಗಳು ಹೆಚ್ಚಲಿವೆ. ನಮ್ಮ ಹುಡುಗ ಹುಡುಗಿಯರು ಅರ್ಜಿ ಹಾಕುತ್ತಾರೆ, ಹಾಕಲಿ. ಸಂದರ್ಶನದಲ್ಲಿ ಐದು ವರ್ಷದ ಪ್ರಶ್ನೆ ಅವರಿಗೂ ಬರುತ್ತದೆ. ಕೊನೆಯಲ್ಲಿ 'ನಿಮಗೇನಾದರೂ ಕೇಳುವುದಿದೆಯೇ' ಎಂದಾಗ ಹೆಚ್ಚಿನವರು ಏನೂ ಇಲ್ಲವೆಂದು ಎದ್ದು ಬರುತ್ತಾರೆ. ಹಾಜರಾತಿ ಯಂತ್ರ ಕೆಟ್ಟ ದಿನ ಇಲ್ಲಿ ಸಂಬಳ ಹೇಗೆ ಲೆಕ್ಕ ಹಾಕುತ್ತೀರಿ ಎಂದು ಅವರು ಕೇಳಬಹುದು.